ಉಷ್ಣ ಪ್ರದೇಶಗಳಲ್ಲಿ ಮೆಣಸಿನಕಾಯಿ ಬೇಸಾಯ

ಮೆಣಸಿನಕಾಯಿಯು ಸೊಲನೇಸಿ ಕುಟುಂಬದ ಕ್ಯಾಪ್ಸಿಕಂ ಕುಲಕ್ಕೆ ಸೇರಿದ ಬೆಳೆ. ಬದನೆ ಮತ್ತು ಟೊಮೇಟೊ ಇದೇ ಕುಟುಂಬದವು. ಬಳ್ಳಿಯಲ್ಲಿ ಬೆಳೆಯುವ ಕರಿಮೆಣಸು ಬೇರೆ ಕುಟುಂಬದ ಸಸ್ಯ. ಅಮೆರಿಕ ಖಂಡ ಮೂಲದ ಮೆಣಸಿನಕಾಯಿಯನ್ನು 16ನೆಯ ಶತಮಾನದಲ್ಲಿ ಪೋರ್ಚುಗೀಸರು ಭಾರತಕ್ಕೆ ತಂದರು. ಇದು ಬಿಸಿಲುನಾಡಿನ ಬೆಳೆಯೆಂದು ಹೆಸರಾಗಿದ್ದರೂ, ಅತಿಯಾದ ಸೆಕೆಯಲ್ಲಿ ಗಿಡವು ಹಸಿರಾಗಿ ಉಳಿದರೂ ಕಾಯಿ ಕಟ್ಟುವುದಿಲ್ಲ. ಆದ್ದರಿಂದ ಹೂ ಬಿಡುವ ಅವಧಿಯನ್ನು ಕಡುಬೇಸಿಗೆಯಿಂದ ತಪ್ಪಿಸುವುದು ಉಷ್ಣ ಪ್ರದೇಶಗಳ ಬೇಸಾಯದಲ್ಲಿ ಮುಖ್ಯವಾದ ಅಂಶ.

ಉಷ್ಣತೆಯ ಪರಿಣಾಮ

ಹಗಲಿನ ಉಷ್ಣಾಂಶವು 20ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದಾಗ ಬೆಳೆ ಚೆನ್ನಾಗಿ ಬರುತ್ತದೆ. ಅದು 35 ಡಿಗ್ರಿ ಮೀರಿದರೆ ಪರಾಗವು ಶಕ್ತಿಗುಂದಿ ಮೊಗ್ಗು ಹಾಗೂ ಹೂಗಳು ಉದುರುತ್ತವೆ. ರಾತ್ರಿಯ ಸೆಕೆ, ಒಣಗಾಳಿ ಮತ್ತು ಮಣ್ಣಿನ ತೇವಾಂಶದ ಏರುಪೇರು ಈ ಹಾನಿಯನ್ನು ಹೆಚ್ಚಿಸುತ್ತವೆ. ಎಲೆಗಳ ಮರೆಯಿಲ್ಲದ ಕಾಯಿಗಳಲ್ಲಿ ನೇರ ಬಿಸಿಲು ತಾಗಿದ ಭಾಗವು ಬಿಳಿಚಿಕೊಂಡು ಒಣಗುತ್ತದೆ. ದೊಣ್ಣೆ ಮೆಣಸಿನಕಾಯಿಯಲ್ಲಿ ಈ ತೊಂದರೆ ಹೆಚ್ಚು.

ಬಿತ್ತನೆಯ ಕಾಲ

ಕರ್ನಾಟಕದ ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳಲ್ಲಿ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಯು ಕಾಲಕ್ಕೆ ಹೊಂದಿಕೊಂಡ ಬೇಸಾಯಕ್ಕೆ ಉತ್ತಮ ಉದಾಹರಣೆ. ಗಾಢ ಕೆಂಪು ಬಣ್ಣ ಮತ್ತು ಕಡಿಮೆ ಖಾರಕ್ಕೆ ಹೆಸರಾದ ಈ ತಳಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಎರೆಭೂಮಿಯಲ್ಲಿ ಮಳೆಯನ್ನೇ ನೆಚ್ಚಿ ಇದನ್ನು ಮುಂಗಾರಿನಲ್ಲಿ ಬಿತ್ತುತ್ತಾರೆ. ಹತ್ತಿ ಮತ್ತು ಈರುಳ್ಳಿಯೊಂದಿಗೆ ಮಿಶ್ರಬೆಳೆಯಾಗಿಯೂ ಬೆಳೆಯುತ್ತಾರೆ. ಮಳೆಗಾಲದ ಕೊನೆಯ ತಂಪಿನಲ್ಲಿ ಹೂ ಬಿಟ್ಟು ಚಳಿಗಾಲದಲ್ಲಿ ಹಣ್ಣು ಕೊಯ್ಲಿಗೆ ಬರುತ್ತದೆ. ಆಗಿನ ಒಣ ಹವೆಯು ಹಣ್ಣನ್ನು ಒಣಗಿಸಲು ಅನುಕೂಲ. ನೀರಾವರಿಯ ಬೇಸಿಗೆ ಬೆಳೆಯನ್ನು ತಡವಾಗಿ ನಾಟಿ ಮಾಡಿದರೆ ಹೂ ಬಿಡುವ ವೇಳೆಗೆ ಏಪ್ರಿಲ್–ಮೇ ತಿಂಗಳ ಸೆಕೆ ಎದುರಾಗುತ್ತದೆ.

ಬೇಸಾಯ ಕ್ರಮ

* ಐದಾರು ವಾರಗಳ ಸಸಿಗಳನ್ನು ಸಂಜೆಯ ವೇಳೆ ನಾಟಿ ಮಾಡಿದರೆ ಬಾಡುವುದು ಕಡಿಮೆ.
* ಬುಡಕ್ಕೆ ಹುಲ್ಲು ಅಥವಾ ತರಗೆಲೆಗಳ ಹೊದಿಕೆ ಹಾಕಿದರೆ ಮಣ್ಣು ತಂಪಾಗಿದ್ದು ತೇವಾಂಶ ಉಳಿಯುತ್ತದೆ.
* ನೀರನ್ನು ಮಿತವಾಗಿ, ಹದವರಿತು ಕೊಡಬೇಕು. ಹನಿ ನೀರಾವರಿ ಇದಕ್ಕೆ ಸೂಕ್ತ. ನೀರು ನಿಂತರೆ ಬೇರು ಕೊಳೆಯುತ್ತದೆ.
* ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಬೆಳೆದು ಹೂ, ಕಾಯಿ ಕಡಿಮೆಯಾಗುತ್ತವೆ.
* ಕೈತೋಟದ ಕುಂಡಗಳನ್ನು ಮಧ್ಯಾಹ್ನ ನೆರಳು ಬೀಳುವ ಕಡೆ ಇಡಬೇಕು. ದೊಣ್ಣೆ ಮೆಣಸಿನಕಾಯಿಯನ್ನು ನೆರಳು ಪರದೆಯಡಿ ಬೆಳೆಯುವುದು ರೂಢಿ.

ಸೆಕೆಯಿಂದ ಹೂ ಉದುರಿದ ಗಿಡವನ್ನು ಕೀಳಬೇಕಾಗಿಲ್ಲ. ಆರೋಗ್ಯವಾಗಿದ್ದರೆ ಹವೆ ತಂಪಾದ ಮೇಲೆ ಅದು ಮತ್ತೆ ಹೂ ಬಿಡುತ್ತದೆ.

ಕೀಟಬಾಧೆ

ಬಿಸಿಲು ಮತ್ತು ಒಣ ಹವೆಯಲ್ಲಿ ಥ್ರಿಪ್ಸ್ ಕಾಟ ಹೆಚ್ಚುತ್ತದೆ. ಮೈಟ್ ನುಸಿಗಳೂ ಈ ಬೆಳೆಯನ್ನು ಕಾಡುತ್ತವೆ. ಥ್ರಿಪ್ಸ್ ತಗುಲಿದಾಗ ಎಲೆಯ ಅಂಚು ಮೇಲ್ಮುಖವಾಗಿಯೂ, ಮೈಟ್ ತಗುಲಿದಾಗ ಕೆಳಮುಖವಾಗಿಯೂ ಮುದುಡುತ್ತದೆ. ಇವೆರಡರ ಹತೋಟಿಗೆ ಬಳಸುವ ಔಷಧಗಳು ಬೇರೆಬೇರೆಯಾದ ಕಾರಣ, ಸಿಂಪಡಣೆಗೆ ಮೊದಲು ಈ ವ್ಯತ್ಯಾಸವನ್ನು ಗುರುತಿಸುವುದು ಅಗತ್ಯ.