ಗಿಣ್ಣು ಮೂಡುವ ಮುನ್ನ: ಬಾರ್ಲಿ ಎಳೆಹುಲ್ಲಿನ ಚರಿತ್ರೆ

ಜವೆಗೋಧಿ ಎಂದು ಕನ್ನಡದಲ್ಲಿ ಹೆಸರಾದ ಬಾರ್ಲಿಯನ್ನು ತೆನೆಯೊಡೆಯುವುದಕ್ಕೆ ಬಹಳ ಮೊದಲೇ ಕೊಯ್ದು, ಅದರ ಎಲೆಯನ್ನು ಒಣಗಿಸಿ ಮನುಷ್ಯರ ಆಹಾರವಾಗಿ ಮಾರುವ ಆಧುನಿಕ ಉದ್ಯಮದ ಬೇರುಗಳು ಕೋಳಿಸಾಕಣೆಯಲ್ಲಿವೆ. 1930ರ ಸುಮಾರಿಗೆ ಅಮೆರಿಕದ ಕಾನ್ಸಾಸ್ ಸಿಟಿಯ ಕೃಷಿ ರಸಾಯನತಜ್ಞ ಚಾರ್ಲ್ಸ್ ಷ್ನಾಬೆಲ್, ಸೊರಗಿದ ಕೋಳಿಗಳ ಮೇವಿಗೆ ಧಾನ್ಯದ ಪೈರುಗಳ ಎಳೆಹುಲ್ಲನ್ನು ಬೆರೆಸಿದಾಗ ಅವು ಚೇತರಿಸಿಕೊಂಡು ಮೊಟ್ಟೆಯಿಡುವುದೂ ಹೆಚ್ಚಿತೆಂದು ಕಂಡು, ಅದೇ ಹುಲ್ಲಿನ ಪುಡಿಯನ್ನು ಮನುಷ್ಯರಿಗೂ ಒದಗಿಸಲು ಮುಂದಾದನು.

ಅವನ ಮುಖ್ಯ ಕೊಡುಗೆ ಕೊಯ್ಲಿನ ಕಾಲನಿರ್ಣಯ. ಬಾರ್ಲಿ, ಗೋಧಿ, ಓಟ್ಸ್ ಮುಂತಾದ ಪೈರುಗಳು ಮೊದಲ ಕೆಲವು ವಾರ ಎಲೆಗಳನ್ನಷ್ಟೇ ಹೊರಡಿಸುತ್ತವೆ. ಮುಂದೆ ತೆನೆಯಾಗಬೇಕಾದ ಮೊಗ್ಗು ಆಗಿನ್ನೂ ನೆಲಮಟ್ಟದಲ್ಲೇ ಎಲೆಸುರುಳಿಯೊಳಗೆ ಅಡಗಿರುತ್ತದೆ. ಬಳಿಕ ಕಾಂಡ ನೀಳವಾಗತೊಡಗಿ, ಬುಡವನ್ನು ಬೆರಳುಗಳ ನಡುವೆ ಹಿಡಿದು ಒತ್ತಿದರೆ ಸಣ್ಣ ಗಂಟಿನಂತೆ ಕೈಗೆ ಸಿಗುವ ಮೊದಲ ಗಿಣ್ಣು ಮೇಲೇರುತ್ತದೆ. ಗಿಣ್ಣು ಮೂಡಿತೆಂದರೆ ನಾರು ಬಲಿತು, ಪ್ರೋಟೀನು ಮತ್ತು ಎ ಜೀವಸತ್ವದ ಮೂಲವಾದ ಕ್ಯಾರೊಟಿನ್‌ಗಳ ಪಾಲು ಇಳಿಮುಖವಾಗುವುದರಿಂದ, ಕೊಯ್ಲಿಗೆ ಉಳಿಯುವುದು ಅದಕ್ಕೆ ಮುಂಚಿನ ಕೆಲವೇ ದಿನಗಳು.

ಜೀವಸತ್ವಗಳನ್ನು ಒಂದೊಂದಾಗಿ ಬೇರ್ಪಡಿಸುವ ಕೆಲಸ ಇನ್ನೂ ನಡೆಯುತ್ತಿದ್ದ ಆ ಕಾಲದಲ್ಲಿ ಹುಲ್ಲಿಗೆ ವಿಜ್ಞಾನದ ಬೆಂಬಲವೂ ದೊರೆಯಿತು. ಚಳಿಗಾಲದ ಹಾಲಿನ ಮೇಲೆ ಬೆಳೆಸಿದ ಇಲಿಗಳಿಗಿಂತ, ಹಸುಗಳು ಹಸಿರು ಮೇಯುವ ಬೇಸಿಗೆಯ ಹಾಲು ಕುಡಿದ ಇಲಿಗಳು ಚೆನ್ನಾಗಿ ಬೆಳೆಯುವುದನ್ನು ಗಮನಿಸಿದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೋಲರ್, ಎಲ್ವೆಜೆಮ್ ಮತ್ತು ಹಾರ್ಟ್, 1936ರ ಹೊತ್ತಿಗೆ ಹುಲ್ಲಿನ ರಸದಲ್ಲಿ ಬೆಳವಣಿಗೆಗೆ ನೆರವಾಗುವ, ಅದುವರೆಗೆ ಗುರುತಿಸದ ಅಂಶವೊಂದಿದೆ ಎಂದು ವಾದಿಸಿದರು. ಆದರೆ 1937ರಲ್ಲಿ ನಿಕೋಟಿನಿಕ್ ಆಮ್ಲವೆಂಬ ಜೀವಸತ್ವದ ಮಹತ್ವವನ್ನು ತೋರಿಸಿದವನೂ ಇದೇ ಎಲ್ವೆಜೆಮ್. ಹೀಗೆ ಬಿಡಿಬಿಡಿಯಾಗಿ ದೊರೆತ ಜೀವಸತ್ವಗಳು ಕಾರ್ಖಾನೆಗಳಲ್ಲಿ ಅಗ್ಗವಾಗಿ ತಯಾರಾಗತೊಡಗಿದ ಮೇಲೆ, ‘ಸೆರೋಫಿಲ್’ ಎಂಬ ಹೆಸರಿನ ಹುಲ್ಲಿನ ಗುಳಿಗೆಗಳಿಗಿದ್ದ ಬೇಡಿಕೆ ಕುಗ್ಗಿತು. (ಅದೇ ಸೆರೋಫಿಲ್ ಪುಡಿಯ ಕಷಾಯ ಪ್ರಯೋಗಾಲಯಗಳಲ್ಲಿ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯನ್ನು ಸಾಕಲು ಬಹುಕಾಲ ಬಳಕೆಯಲ್ಲಿತ್ತು.)

ಬಾರ್ಲಿ ಎಲೆಗೆ ಪ್ರತ್ಯೇಕ ಖ್ಯಾತಿ ತಂದದ್ದು ಜಪಾನ್. ಯುದ್ಧಕಾಲದ ಕೊರತೆಯಲ್ಲಿ ವೈದ್ಯ ಎಂಡೊ ನಿರೊ ಸೊಪ್ಪುಗಳ ಹಸಿರು ರಸವಾದ ‘ಆವೊಜಿರು’ವಿನ ಬಳಕೆಯನ್ನು ಪ್ರಚಾರಕ್ಕೆ ತಂದಿದ್ದನು. ಮುಂದೆ ಅದಕ್ಕೆ ಮುಖ್ಯವಾಗಿ ಬಳಕೆಯಾದ ಕೇಲ್ ಸೊಪ್ಪು ಕಹಿಯಾಗಿದ್ದರಿಂದ, ಕುಡಿಯಲು ಹಿತವಾದ ಬಾರ್ಲಿಯ ಎಳೆ ಎಲೆಗೆ ಕ್ರಮೇಣ ಮನ್ನಣೆ ಸಿಕ್ಕಿತು. ಹಗಿವಾರ ಯೋಶಿಹಿದೆ ಎಲೆಯ ರಸವನ್ನೇ ಹಿಂಡಿ ಪುಡಿಯಾಗಿಸಿ ಮಾರುಕಟ್ಟೆಗೆ ತಂದು, ಅದರ ಕಿಣ್ವಗಳನ್ನು ಕುರಿತು ಬಹಳ ಬರೆದನು. ಈ ಕಿಣ್ವವಾದವನ್ನು ಒಪ್ಪುವುದು ಕಷ್ಟ, ಏಕೆಂದರೆ ಕಿಣ್ವಗಳು ಪ್ರೋಟೀನುಗಳಾದ್ದರಿಂದ ಬಹುಮಟ್ಟಿಗೆ ಜೀರ್ಣಾಂಗದಲ್ಲೇ ಒಡೆದುಹೋಗುತ್ತವೆ. ಸಪೋನರಿನ್‌ನಂಥ ಫ್ಲೇವನಾಯ್ಡ್‌ಗಳು ಎಲೆಯಲ್ಲಿರುವುದು ನಿಜವಾದರೂ, ಒಂದೆರಡು ಚಮಚ ಪುಡಿ ಒಂದು ಹಿಡಿ ಸೊಪ್ಪಿನ ಪಲ್ಯಕ್ಕಿಂತ ಹೆಚ್ಚಿನದೇನನ್ನೋ ಮಾಡುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲ.

ಹಸಿರೆಲೆಯಲ್ಲಿ ಸಮೃದ್ಧವಾಗಿರುವ ಕೆ ಜೀವಸತ್ವದ ಮಾತು ಬೇರೆ. ಅದು ರಕ್ತ ಹೆಪ್ಪುಗಟ್ಟಲು ನೆರವಾಗುವುದರಿಂದ, ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಸೇವಿಸುವವರು ವೈದ್ಯರನ್ನು ಕೇಳದೆ ಈ ಪುಡಿಯನ್ನು ಬಳಸಬಾರದು. ಆ ವಾರ್ಫರಿನ್ ಕೂಡ, ಬೂಷ್ಟು ಹಿಡಿದ ಸಿಹಿ ಕ್ಲೋವರ್ ಮೇವನ್ನು ತಿಂದು ರಕ್ತಸ್ರಾವದಿಂದ ಸಾಯುತ್ತಿದ್ದ ದನಗಳ ಕುರಿತ ಸಂಶೋಧನೆಯ ಫಲವಾಗಿ, ಹುಲ್ಲಿನ ರಸವನ್ನು ಪರೀಕ್ಷಿಸಿದ ಅದೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು.