ಅತ್ಯಾಚಾರ ಸಂತ್ರಸ್ತೆಯ ಮಾತಿಗೆ ಮನ್ನಣೆ: ಭಾರತದಲ್ಲಿ ನಡೆದು ಬಂದ ದಾರಿ

ಅತ್ಯಾಚಾರಕ್ಕೆ ಅಥವಾ ಲೈಂಗಿಕ ಹಲ್ಲೆಗೆ ಗುರಿಯಾದವರು ಹೇಳುವುದನ್ನು ಅನುಮಾನಿಸದೆ ಕೇಳಿಸಿಕೊಳ್ಳುವುದು, ದೂರು ಬರೆದುಕೊಳ್ಳುವುದು, ಚಿಕಿತ್ಸೆ ಕೊಡುವುದು ಇಂದು ಭಾರತದಲ್ಲಿ ಪೊಲೀಸರ ಮತ್ತು ಆಸ್ಪತ್ರೆಗಳ ಕಾನೂನುಬದ್ಧ ಹೊಣೆ. ಭಾರತೀಯ ದಂಡ ಸಂಹಿತೆ ಬಂದದ್ದು 1860ರಲ್ಲಿ. ಈ ಹೊಣೆ ಅದರಲ್ಲಿ ಶಿಕ್ಷೆಯ ಭಯದೊಡನೆ ಸೇರಿದ್ದು 2013ರಲ್ಲಿ. ನಡುವಿನ ಒಂದೂವರೆ ಶತಮಾನದಲ್ಲಿ ಈ ನೆಲದ ಹೆಣ್ಣುಮಕ್ಕಳು ಮೊದಲು ತಾವು ಸುಳ್ಳು ಹೇಳುತ್ತಿಲ್ಲವೆಂದು ಸಾಬೀತುಪಡಿಸಬೇಕಿತ್ತು. ಆರೋಪಿಯ ವಿಚಾರಣೆ ಆಮೇಲಿನ ಮಾತು. ಈ ಸ್ಥಿತಿ ತಾನಾಗಿ ಬದಲಾಗಲಿಲ್ಲ. ಬಾಯಿಬಿಟ್ಟು ಹೇಳಿದ ಕೆಲವು ಹೆಂಗಸರು ಮತ್ತು ಅವರ ಬೆನ್ನಿಗೆ ನಿಂತವರು ಅದನ್ನು ಒಂದೊಂದೇ ಕಲಮಿನಂತೆ ಬದಲಿಸಿದರು.

ಅನುಮಾನದ ಬೇರು

ಅತ್ಯಾಚಾರದ ಆರೋಪ ಹೊರಿಸುವುದು ಸುಲಭ, ಸಾಬೀತುಪಡಿಸುವುದು ಕಷ್ಟ, ನಿರಪರಾಧಿಯಾದವನು ಅದರಿಂದ ಪಾರಾಗುವುದು ಇನ್ನೂ ಕಷ್ಟ ಎಂದು 17ನೇ ಶತಮಾನದ ಇಂಗ್ಲಿಷ್ ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಬರೆದಿಟ್ಟಿದ್ದ. ಅವನು ಸತ್ತು ಆರು ದಶಕಗಳಾದ ಮೇಲೆ, 1736ರಲ್ಲಿ, ಅಚ್ಚಾದ ಆ ಮಾತು ಇಂಗ್ಲಿಷ್ ಕಾನೂನು ಹರಡಿದ ಕಡೆಯಲ್ಲೆಲ್ಲ ಹೋಯಿತು. ಕೊಲೆ, ಕಳವು, ದರೋಡೆಯ ದೂರು ಕೊಟ್ಟವರನ್ನು ಯಾರೂ ಹೀಗೆ ಮೊದಲೇ ಅನುಮಾನಿಸುತ್ತಿರಲಿಲ್ಲ. ಭಾರತದಲ್ಲಿ ಈ ಅನುಮಾನಕ್ಕೆ 1872ರ ಸಾಕ್ಷ್ಯ ಅಧಿನಿಯಮ ಕಾನೂನಿನ ಬಲವನ್ನೇ ಕೊಟ್ಟಿತು. ದೂರು ಕೊಟ್ಟ ಹೆಂಗಸು ನಡತೆಗೆಟ್ಟವಳೆಂದು ತೋರಿಸಿ ಅವಳ ಮಾತಿನ ಬೆಲೆ ಕಳೆಯಲು 155ನೇ ಕಲಮಿನ 4ನೇ ಉಪಕಲಮು ಆರೋಪಿಗೆ ಅವಕಾಶ ಕೊಡುತ್ತಿತ್ತು. ಆರೋಪಿಯ ಪೂರ್ವ ನಡತೆಯನ್ನು ಕೆದಕಲು ಅಂಥ ಅವಕಾಶ ಇರಲಿಲ್ಲ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ, ರಾಮೇಶ್ವರ್ ವಿರುದ್ಧ ರಾಜಸ್ಥಾನ ರಾಜ್ಯ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಒಂದು ಹೆಜ್ಜೆ ಮುಂದಿಟ್ಟಿತು. ಸಂತ್ರಸ್ತೆಯ ಹೇಳಿಕೆಗೆ ಬೇರೆ ಸಾಕ್ಷ್ಯದ ಬೆಂಬಲ ಇರಲೇಬೇಕೆಂದು ಕಾನೂನು ಹೇಳುವುದಿಲ್ಲ ಎಂದಿತು. ಆದರೆ ಬೆಂಬಲ ಹುಡುಕುವುದು ವಿವೇಕದ ರೂಢಿ, ನ್ಯಾಯಾಧೀಶರ ಮನಸ್ಸಿನಲ್ಲಿ ಅದು ಇರಬೇಕು ಎಂದೂ ಸೇರಿಸಿತು. ಕೆಳಗಿನ ನ್ಯಾಯಾಲಯಗಳು ಮುಂದಿನ ಮೂರು ದಶಕ ಹೆಚ್ಚಾಗಿ ಹಿಡಿದುಕೊಂಡದ್ದು ಎರಡನೆಯ ಮಾತನ್ನು. ಮೈಮೇಲೆ ಗಾಯವಿಲ್ಲ, ಕೂಗಿಕೊಂಡಿಲ್ಲ, ದೂರು ತಡವಾಗಿದೆ ಎಂಬ ಮೂರು ಕಾರಣಗಳು ತೀರ್ಪುಗಳಲ್ಲಿ ಮತ್ತೆ ಮತ್ತೆ ಬಂದವು.

ದೇಸಾಯಿಗಂಜ್ ಠಾಣೆ ಮತ್ತು ನಾಲ್ವರ ಪತ್ರ

1972ರ ಮಾರ್ಚ್ 26ರ ರಾತ್ರಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ನಡೆಯಿತು. ಅವಳ ಮನೆಯವರು ಹೊರಗೆ ಕಾಯುತ್ತಿದ್ದರು. ಈ ಪ್ರಕರಣ ಅವಳ ಹೆಸರಿನಿಂದಲೇ ದೇಶಕ್ಕೆಲ್ಲ ಪರಿಚಿತ, ಆದರೆ ಇಲ್ಲಿ ಅದನ್ನು ಬಳಸಿಲ್ಲ. ಸೆಷನ್ಸ್ ನ್ಯಾಯಾಲಯ 1974ರಲ್ಲಿ ಅವಳನ್ನು ಸುಳ್ಳುಗಾತಿ ಎಂದು ಕರೆದು, ಲೈಂಗಿಕ ಸಂಪರ್ಕದ ರೂಢಿಯಿದ್ದವಳೆಂದು ಬರೆದು, ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 1976ರಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ಹೆದರಿ ಸುಮ್ಮನಾಗುವುದು ಬೇರೆ, ಒಪ್ಪುವುದು ಬೇರೆ ಎಂಬ ವಿವೇಚನೆ ಅಲ್ಲಿತ್ತು. ಸುಪ್ರೀಂ ಕೋರ್ಟ್ 1978ರ ಸೆಪ್ಟೆಂಬರ್ 15ರಂದು ಆ ವಿವೇಚನೆಯನ್ನು ಅಳಿಸಿ, ಗಾಯದ ಗುರುತಿಲ್ಲ, ಪ್ರತಿಭಟಿಸಿದ ಲಕ್ಷಣವಿಲ್ಲ ಎಂದು ಪೊಲೀಸರನ್ನು ಖುಲಾಸೆ ಮಾಡಿತು. ತೀರ್ಪು ತುಕಾರಾಂ ವಿರುದ್ಧ ಮಹಾರಾಷ್ಟ್ರ ರಾಜ್ಯ ಎಂದು ವರದಿಯಾಯಿತು.

ಒಂದು ವರ್ಷ ಅದು ಕಾನೂನು ಪುಸ್ತಕಗಳಲ್ಲಿ ಸುಮ್ಮನೆ ಬಿದ್ದಿತ್ತು. 1979ರ ಸೆಪ್ಟೆಂಬರಿನಲ್ಲಿ ಕಾನೂನು ಅಧ್ಯಾಪಕರಾದ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್ ಮತ್ತು ವಸುಧಾ ಧಾಗಂವಾರ್ ಭಾರತದ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ರಾತ್ರಿ ಹೊತ್ತು, ಠಾಣೆಯೊಳಗೆ, ಬಾಗಿಲು ಹಾಕಿ, ಸಮವಸ್ತ್ರದವರ ಎದುರು ಒಬ್ಬ ಬಡ ಹುಡುಗಿ ಹೇಗೆ ಪ್ರತಿಭಟಿಸಬೇಕಿತ್ತು ಎಂಬುದು ಆ ಪತ್ರದ ತಿರುಳು. ತೀರ್ಪಿನ ಮರುಪರಿಶೀಲನೆ ಆಗಲಿಲ್ಲ. ಪತ್ರ ಮಾತ್ರ ಕೈಯಿಂದ ಕೈಗೆ ಹೋಯಿತು. ಬಾಂಬೆಯಲ್ಲಿ ಅತ್ಯಾಚಾರ ವಿರೋಧಿ ವೇದಿಕೆಯೊಂದು ಹುಟ್ಟಿತು. 1980ರ ಮಾರ್ಚ್ 8ರಂದು ಹಲವು ಊರುಗಳಲ್ಲಿ ಹೆಂಗಸರು ಬೀದಿಗಿಳಿದರು. ಸುಪ್ರೀಂ ಕೋರ್ಟಿನ ತೀರ್ಪೊಂದನ್ನು ಪ್ರಶ್ನಿಸಿ ಹೆಂಗಸರು ಈ ಪ್ರಮಾಣದಲ್ಲಿ ಹೊರಬಂದದ್ದು ಅದಕ್ಕೆ ಮುಂಚೆ ಇರಲಿಲ್ಲ.

ಅದೇ ಕಾಲದ ಇನ್ನೊಂದು ಪ್ರಕರಣದ ಕೊನೆ ಕರ್ನಾಟಕದಲ್ಲಾಯಿತು. 1978ರಲ್ಲಿ ಹೈದರಾಬಾದಿನ ನಲ್ಲಕುಂಟ ಠಾಣೆಯಲ್ಲಿ ಒಬ್ಬ ಮಹಿಳೆಯ ಮೇಲೆ ಪೊಲೀಸರು ಅತ್ಯಾಚಾರ ನಡೆಸಿದರು, ರಿಕ್ಷಾ ಎಳೆಯುತ್ತಿದ್ದ ಅವಳ ಗಂಡ ಪೊಲೀಸರ ಹೊಡೆತಕ್ಕೆ ಸತ್ತ. ನ್ಯಾಯಮೂರ್ತಿ ಮುಕ್ತದರ್ ಆಯೋಗ ಪೊಲೀಸರ ತಪ್ಪನ್ನು ಎತ್ತಿ ಹೇಳಿತು. ಆಯೋಗದ ಮುಂದೆ ಪೊಲೀಸರ ಪರವಾದ ವಾದವೆಲ್ಲ ಅವಳು ವೇಶ್ಯೆ ಎಂದು ತೋರಿಸುವ ಸುತ್ತಲೇ ತಿರುಗಿತ್ತು. ಮೊಕದ್ದಮೆ ರಾಯಚೂರಿನ ನ್ಯಾಯಾಲಯಕ್ಕೆ ವರ್ಗವಾಯಿತು, ಅಲ್ಲಿ ಆರೋಪಿಗಳು ಬಿಡುಗಡೆಯಾದರು.

ಚಳವಳಿಯ ಫಲ ಬಂದದ್ದು 1983ರ ತಿದ್ದುಪಡಿಯಲ್ಲಿ. ಪೊಲೀಸ್ ವಶ, ಸರ್ಕಾರಿ ಆಸ್ಪತ್ರೆ, ಜೈಲಿನಂಥ ಕಡೆ ನಡೆದ ಅತ್ಯಾಚಾರದಲ್ಲಿ ಮತ್ತು ಸಾಮೂಹಿಕ ಅತ್ಯಾಚಾರದಲ್ಲಿ, ಸಂಪರ್ಕ ನಡೆದದ್ದು ಸಾಬೀತಾಗಿ ಹೆಂಗಸು ತಾನು ಒಪ್ಪಿರಲಿಲ್ಲವೆಂದು ಹೇಳಿದರೆ, ನ್ಯಾಯಾಲಯ ಅದನ್ನು ನಿಜವೆಂದೇ ಭಾವಿಸಿ ಹೊರಡಬೇಕೆಂದು ಸಾಕ್ಷ್ಯ ಅಧಿನಿಯಮದ 114-ಎ ಕಲಮು ಹೇಳಿತು. ಹೆಂಗಸಿನ ಮಾತನ್ನು ನಂಬು ಎಂದು ಭಾರತದ ಶಾಸನ ಇಷ್ಟು ನೇರವಾಗಿ ಹೇಳಿದ್ದು ಇದೇ ಮೊದಲು. ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಬೇಕು, ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಎರಡು ವರ್ಷದವರೆಗೆ ಜೈಲು ಎಂಬ ನಿಯಮಗಳೂ ಆಗಲೇ ಬಂದವು.

ಅದೇ ವರ್ಷ 'ಮಾನುಷಿ' ಪತ್ರಿಕೆಯಲ್ಲಿ ಸೊಹೈಲಾ ಅಬ್ದುಲಲಿ ಎಂಬ ಯುವತಿ ತನ್ನ ಮೇಲೆ ಹದಿನೇಳನೇ ವಯಸ್ಸಿನಲ್ಲಿ ಬಾಂಬೆಯಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ಬಗ್ಗೆ ಸ್ವಂತ ಹೆಸರಿನಲ್ಲೇ ಬರೆದರು. ಗುರುತು ಮುಚ್ಚಿಡುವ ಹಕ್ಕು ಆಕೆಯದು, ತೆರೆದಿಡುವ ಹಕ್ಕೂ ಆಕೆಯದೇ ಎಂಬುದಕ್ಕೆ ಆ ಲೇಖನಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನ್ಯಾಯಾಲಯದ ಮಾತು, ಹಳ್ಳಿಯ ಅನುಭವ

ಆ ವರ್ಷದಿಂದಲೇ ಸುಪ್ರೀಂ ಕೋರ್ಟ್ ತನ್ನ ದನಿಯನ್ನು ಬದಲಿಸತೊಡಗಿತು. ಗುಜರಾತಿನ ಒಂದು ಪ್ರಕರಣದಲ್ಲಿ 1983ರಲ್ಲಿ, ದೂರು ಕೊಟ್ಟ ಹೆಂಗಸನ್ನು ಅನುಮಾನದ ಕನ್ನಡಕ ಹಾಕಿಕೊಂಡು ನೋಡುವುದು ಗಾಯದ ಮೇಲೆ ಅವಮಾನ ಸೇರಿಸಿದಂತೆ ಎಂದು ನ್ಯಾಯಮೂರ್ತಿ ಎಂ.ಪಿ. ಠಕ್ಕರ್ ಬರೆದರು. ಅವಳು ಅಪರಾಧದ ಪಾಲುಗಾರಳಲ್ಲ, ಗಾಯಗೊಂಡ ಸಾಕ್ಷಿಯ ಸ್ಥಾನ ಅವಳದು ಎಂದು 1990ರಲ್ಲಿ ನ್ಯಾಯಮೂರ್ತಿ ಎ.ಎಂ. ಅಹ್ಮದಿ ಬರೆದರು. 1996ರ ಗುರ್ಮಿತ್ ಸಿಂಗ್ ತೀರ್ಪು ಇವೆಲ್ಲವನ್ನೂ ಒಟ್ಟುಗೂಡಿಸಿತು: ನಂಬಲು ಯೋಗ್ಯವಾಗಿದ್ದರೆ ಸಂತ್ರಸ್ತೆಯ ಒಂದೇ ಸಾಕ್ಷ್ಯದ ಮೇಲೆ ಶಿಕ್ಷೆ ಕೊಡಬಹುದು, ದೂರು ತಡವಾದುದಕ್ಕೆ ಮನೆಮಂದಿಯ ಹಿಂಜರಿಕೆ ಸಾಕಷ್ಟು ಕಾರಣ, ಪಾಟೀ ಸವಾಲಿನ ಹೆಸರಿನಲ್ಲಿ ಅವಳನ್ನು ಹಿಂಸಿಸುವುದನ್ನು ನ್ಯಾಯಾಧೀಶರು ತಡೆಯಬೇಕು. ಈ ದಾರಿಯೂ ನೇರವಾಗಿರಲಿಲ್ಲ. ನಡುವೆ 1989ರಲ್ಲಿ ಅದೇ ನ್ಯಾಯಾಲಯ ಹರಿಯಾಣದ ಪೊಲೀಸ್ ಅತ್ಯಾಚಾರದ ಪ್ರಕರಣವೊಂದರಲ್ಲಿ ಸಂತ್ರಸ್ತೆಯ ನಡವಳಿಕೆಯನ್ನೆತ್ತಿ ಶಿಕ್ಷೆಯನ್ನು 10 ವರ್ಷದಿಂದ 5 ವರ್ಷಕ್ಕೆ ಇಳಿಸಿತ್ತು.

ದಿಲ್ಲಿಯ ತೀರ್ಪು ಹಳ್ಳಿ ಮುಟ್ಟುವುದೆಷ್ಟು ಎಂಬುದನ್ನು ರಾಜಸ್ಥಾನದ ಭಟೇರಿ ಗ್ರಾಮ ತೋರಿಸಿತು. ಅಲ್ಲಿ ರಾಜ್ಯದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ 'ಸಾಥಿನ್' (ಗ್ರಾಮ ಕಾರ್ಯಕರ್ತೆ) ಆಗಿದ್ದ ಭಂವರಿ ದೇವಿ ಒಂದು ಬಾಲ್ಯವಿವಾಹ ತಡೆಯಲು ಹೋದರು. ಅದರ ಸೇಡಿಗೆ 1992ರ ಸೆಪ್ಟೆಂಬರಿನಲ್ಲಿ, ಅವರ ಗಂಡನನ್ನು ಹೊಡೆದು, ಮೇಲ್ಜಾತಿಯವರು ಅವರ ಮೇಲೆ ಅತ್ಯಾಚಾರ ಮಾಡಿದರು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಆಗಲಿಲ್ಲ, ಜೈಪುರಕ್ಕೆ ಕಳಿಸಿದರು. ತಪಾಸಣೆ ಮುಗಿಯುವ ಹೊತ್ತಿಗೆ ಎರಡು ದಿನ ದಾಟಿತ್ತು. ಲಂಗವನ್ನು ಸಾಕ್ಷ್ಯವೆಂದು ಪೊಲೀಸರು ಇಟ್ಟುಕೊಂಡರು. ಆಕೆ ಗಂಡನ ರುಮಾಲು ಸುತ್ತಿಕೊಂಡು ರಾತ್ರಿಯಲ್ಲಿ ಹೊರಡಬೇಕಾಯಿತು. 1995ರ ನವೆಂಬರಿನಲ್ಲಿ ಜೈಪುರದ ನ್ಯಾಯಾಲಯ ಅತ್ಯಾಚಾರದ ಆರೋಪದಿಂದ ಎಲ್ಲರನ್ನೂ ಬಿಟ್ಟಿತು. ಮೇಲ್ಜಾತಿಯ ಗಂಡಸರು ಕೆಳಜಾತಿಯ ಹೆಂಗಸನ್ನು ಮುಟ್ಟಲಾರರು ಎಂಬ ತರ್ಕಕ್ಕೂ ಅಲ್ಲಿ ಜಾಗ ಸಿಕ್ಕಿತ್ತು. ನಂಬಿಕೆಯನ್ನು ಜಾತಿ ಅಳೆದು ಕೊಡುವುದು ಈ ದೇಶದ ಹಳೆಯ ರೋಗ. ಭಟೇರಿಯಲ್ಲಿ ಅದು ನ್ಯಾಯಾಲಯದ ಕಾಗದಕ್ಕೇ ಇಳಿಯಿತು. ಭಂವರಿ ದೇವಿಯ ಮೇಲಿನ ಅತ್ಯಾಚಾರದ ಬೆನ್ನಿಗೆ ಮಹಿಳಾ ಸಂಘಟನೆಗಳು ಹೂಡಿದ್ದ ದಾವೆಯಿಂದ 1997ರ ಆಗಸ್ಟ್ 13ರ ವಿಶಾಖಾ ತೀರ್ಪು ಬಂತು, ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿಗಳು ಬಂದವು, 2013ರಲ್ಲಿ ಅದೇ ಶಾಸನವಾಯಿತು. ಈ ಎಲ್ಲಕ್ಕೂ ಕಾರಣಳಾದ ಹೆಂಗಸಿಗೆ ಮಾತ್ರ ತನ್ನ ಪ್ರಕರಣದಲ್ಲಿ ನ್ಯಾಯ ದೊರೆಯಲಿಲ್ಲ.

ನಡತೆಯನ್ನು ಕೆದಕುವ 155(4)ನೇ ಕಲಮನ್ನು ಸಂಸತ್ತು ತೆಗೆದದ್ದು 2002ರಲ್ಲಿ. ಅದು 130 ವರ್ಷ ಜಾರಿಯಲ್ಲಿತ್ತು.

ಆಸ್ಪತ್ರೆಯ ಬಾಗಿಲಲ್ಲಿ

ಸಂತ್ರಸ್ತೆಯ ಮಾತನ್ನು ಮೊದಲು ಕೇಳುವವರಲ್ಲಿ ವೈದ್ಯರೂ ಇರುತ್ತಾರೆ. ದಶಕಗಳ ಕಾಲ ಅವರಿಗೆ ಕಲಿಸಿದ್ದು ಕೇಳುವುದನ್ನಲ್ಲ, ಅಳೆಯುವುದನ್ನು. ಯೋನಿಯಲ್ಲಿ ಎರಡು ಬೆರಳು ಆಡಿಸಿ ಅವಳು ಲೈಂಗಿಕ ಸಂಪರ್ಕದ ರೂಢಿಯಿದ್ದವಳೇ ಎಂದು ಬರೆಯುವ ಪದ್ಧತಿಗೆ ವಿಜ್ಞಾನದ ಆಧಾರ ಇರಲಿಲ್ಲ. ಆದರೂ ಅದು ವೈದ್ಯಕೀಯ ನ್ಯಾಯಶಾಸ್ತ್ರದ ಪಠ್ಯದಲ್ಲಿತ್ತು, ಅಚ್ಚು ಹಾಕಿದ ನಮೂನೆಯಲ್ಲಿತ್ತು, ಪಾಟೀ ಸವಾಲಿನಲ್ಲಿ ಆಯುಧವಾಗಿತ್ತು. ಸೇವಾಗ್ರಾಮದ ವೈದ್ಯಕೀಯ ಕಾಲೇಜಿನ ಡಾ. ಇಂದ್ರಜಿತ್ ಖಾಂಡೇಕರ್ ಅವರಂಥ ವಿಧಿವಿಜ್ಞಾನ ತಜ್ಞರು, ಮುಂಬಯಿಯ ಸೆಹತ್ ಸಂಸ್ಥೆ, 2010ರಲ್ಲಿ ವರದಿ ಹೊರಡಿಸಿದ ಹ್ಯೂಮನ್ ರೈಟ್ಸ್ ವಾಚ್ ಇದನ್ನು ನಿಲ್ಲಿಸಲು ಹಟ ಹಿಡಿದರು. 2013ರಲ್ಲಿ ಸುಪ್ರೀಂ ಕೋರ್ಟ್ ಈ ಪರೀಕ್ಷೆ ಹೆಂಗಸಿನ ಖಾಸಗಿತನ ಮತ್ತು ಘನತೆಗೆ ಧಕ್ಕೆ ಎಂದಿತು. 2022ರ ಅಕ್ಟೋಬರ್ 31ರಂದು ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿ, ಪರೀಕ್ಷೆ ಮಾಡುವವರು ದುರ್ನಡತೆಯ ತಪ್ಪಿತಸ್ಥರೆಂದು ಸಾರಿತು. ಎರಡು ಸಲ ಹೇಳಬೇಕಾಗಿ ಬಂದದ್ದೇ ನಡುವಿನ ಒಂಬತ್ತು ವರ್ಷಗಳ ಕಥೆ ಹೇಳುತ್ತದೆ.

ಕೇಂದ್ರ ಆರೋಗ್ಯ ಇಲಾಖೆ 2014ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ಇತಿಹಾಸದ ಅತ್ಯಂತ ಉಪಯುಕ್ತ ದಾಖಲೆಗಳಲ್ಲಿ ಒಂದು. ಪೊಲೀಸರ ಪತ್ರ ಬರಲೆಂದು ಕಾಯದೆ ಚಿಕಿತ್ಸೆ ಶುರುಮಾಡಬೇಕು. ತಪಾಸಣೆಯ ಪ್ರತಿ ಹಂತಕ್ಕೂ ಅವಳ ಒಪ್ಪಿಗೆ ಬೇಕು, ಬೇಡವೆನ್ನುವ ಹಕ್ಕು ಅವಳಿಗಿದೆ. ತಪಾಸಣೆ ಬೇಡವೆಂದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಗಾಯವಿಲ್ಲದಿದ್ದರೆ ಅತ್ಯಾಚಾರ ನಡೆದಿಲ್ಲವೆಂದು ಬರೆಯುವಂತಿಲ್ಲ. ಗರ್ಭ ತಡೆಯುವ ಗುಳಿಗೆ, ಎಚ್‌ಐವಿ ಮತ್ತು ಇತರ ಸೋಂಕುಗಳ ತಡೆ, ಮನಸ್ಸಿಗೆ ಆಸರೆ ಎಲ್ಲವೂ ಆಸ್ಪತ್ರೆಯ ಕೆಲಸ. ಕರ್ನಾಟಕದಲ್ಲಿ ಜಿಲ್ಲಾಸ್ಪತ್ರೆಗಳ 'ಗೆಳತಿ' ವಿಶೇಷ ಚಿಕಿತ್ಸಾ ಘಟಕಗಳು, ಅದಕ್ಕೂ ಮೊದಲು 2000ದ ಆಸುಪಾಸಿನಲ್ಲಿ ಶುರುವಾದ 'ಸಾಂತ್ವನ' ಕೇಂದ್ರಗಳು, 2015ರಿಂದ ದೇಶಾದ್ಯಂತ ಬಂದ 'ಸಖಿ' ಒನ್ ಸ್ಟಾಪ್ ಕೇಂದ್ರಗಳು ಈ ನೆರವನ್ನು ಒಂದೇ ಸೂರಿನಡಿ ತರುವ ಪ್ರಯತ್ನಗಳು. ಬೆಂಗಳೂರಿನ ವಿಮೋಚನಾ 1979ರಿಂದ, ಮಕ್ಕಳ ವಿಷಯದಲ್ಲಿ ಎನ್‌ಫೋಲ್ಡ್ ಈ ಶತಮಾನದ ಮೊದಲ ವರ್ಷಗಳಿಂದ ಈ ಕೆಲಸದಲ್ಲಿವೆ.

2013ರ ನಂತರ

2012ರ ಡಿಸೆಂಬರಿನಲ್ಲಿ ದಿಲ್ಲಿಯ ಬಸ್ಸೊಂದರಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ಮೇಲೆ ನೇಮಕವಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಒಂದು ತಿಂಗಳಲ್ಲಿ ವರದಿ ಕೊಟ್ಟಿತು. ಅದರ ಬೆನ್ನಿಗೆ ಬಂದ ತಿದ್ದುಪಡಿ ಒಪ್ಪಿಗೆಗೆ ಸ್ಪಷ್ಟ ಅರ್ಥ ಕೊಟ್ಟಿತು. ಮೈಯಿಂದ ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳೆಂದು ತಿಳಿಯಬಾರದು ಎಂಬ ಮಾತು ಕಾನೂನಿನೊಳಗೆ ಬಂತು. ದೇಸಾಯಿಗಂಜಿನ ಹುಡುಗಿಗೆ ಸಿಗದ ಉತ್ತರ ಅದು, 41 ವರ್ಷ ತಡವಾಗಿ. ದೂರು ದಾಖಲಿಸದ ಪೊಲೀಸನಿಗೂ ಉಚಿತ ಚಿಕಿತ್ಸೆ ಕೊಡದ ಆಸ್ಪತ್ರೆಗೂ, ಅದು ಸರ್ಕಾರಿಯಾಗಲಿ ಖಾಸಗಿಯಾಗಲಿ, ಜೈಲು ಶಿಕ್ಷೆ ನಿಗದಿಯಾಯಿತು. ಅತ್ಯಾಚಾರದಲ್ಲಿ ರಾಜಿಗೆ ಜಾಗವಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲೂ 2015ರಲ್ಲೂ ಹೇಳಿತು. ಮದುವೆ ಮಾಡಿ ಮುಗಿಸುವ ಊರ ಪಂಚಾಯ್ತಿಗಳು ಇದ್ದ ಕಡೆಗಳಲ್ಲಿ ಈ ಮಾತು ಬಹಳ ಅಗತ್ಯವಾಗಿತ್ತು.

ಹಳೆಯ ಅನುಮಾನ ಹೋಗಿಲ್ಲ. 2020ರ ಜೂನಿನಲ್ಲಿ ಕರ್ನಾಟಕ ಹೈಕೋರ್ಟಿನ ನಿರೀಕ್ಷಣಾ ಜಾಮೀನಿನ ಆದೇಶವೊಂದು, ಕೃತ್ಯದ ನಂತರ ಆಯಾಸವಾಗಿ ನಿದ್ದೆಹೋದೆ ಎಂಬ ದೂರುದಾರಳ ಮಾತನ್ನು ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂದಿತು. ಆಕ್ಷೇಪ ಎದ್ದ ಮೇಲೆ ಆ ಸಾಲನ್ನು ಕೆಲವೇ ದಿನಗಳಲ್ಲಿ ತೆಗೆದುಹಾಕಲಾಯಿತು. ಆಘಾತಕ್ಕೆ ಗುರಿಯಾದವರು ಅಳಬಹುದು, ನಗಬಹುದು, ಕಲ್ಲಿನಂತೆ ಕೂರಬಹುದು, ನಿದ್ದೆಹೋಗಬಹುದು. ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಅತ್ಯಾಚಾರಕ್ಕೊಳಗಾದವರನ್ನು ಮಾತಾಡಿಸಿ ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಂ 1974ರಲ್ಲೇ ಈ ಭಿನ್ನತೆಯನ್ನು ದಾಖಲಿಸಿದ್ದರು. ಇಂಥ ಸಿದ್ಧ ಕಲ್ಪನೆಗಳನ್ನು ಆದೇಶಗಳಲ್ಲಿ ಬರೆಯಬಾರದೆಂದು ಸುಪ್ರೀಂ ಕೋರ್ಟ್ 2021ರ ಮಾರ್ಚಿನಲ್ಲಿ ಅಪರ್ಣಾ ಭಟ್ ಪ್ರಕರಣದಲ್ಲಿ ಕಟ್ಟಪ್ಪಣೆ ಮಾಡಿತು.

ನಂಬುವುದೆಂದರೆ ವಿಚಾರಣೆಯಿಲ್ಲದೆ ಶಿಕ್ಷಿಸುವುದೇ ಎಂಬ ಆಕ್ಷೇಪ, 2018ರ ಮೀ ಟೂ ದಿನಗಳಲ್ಲಿ ಮುಖ್ಯವಾಗಿ, ಮತ್ತೆ ಮತ್ತೆ ಕೇಳಿಬಂತು. ಆ ಆಕ್ಷೇಪ ಎರಡು ಬೇರೆ ಕೆಲಸಗಳನ್ನು ಕಲಸುತ್ತದೆ. ಸಂಶಯಕ್ಕೆ ಎಡೆಯಿಲ್ಲದಂತೆ ಅಪರಾಧ ಸಾಬೀತಾಗಬೇಕೆಂಬ ನಿಯಮ ನ್ಯಾಯಾಲಯದ್ದು, ಅದು ಅಲ್ಲಿರಲೇಬೇಕು. ಅಮ್ಮ, ಅಕ್ಕ, ಗೆಳತಿ, ದಾದಿ, ವೈದ್ಯೆ ನ್ಯಾಯಾಧೀಶರಲ್ಲ. ಆ ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋದೆ ಎಂದು ಅವರು ಕೇಳಿದ ಕ್ಷಣವೇ ಎಷ್ಟೋ ಹುಡುಗಿಯರ ಬಾಯಿ ಮುಚ್ಚಿಹೋಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 31,516. ವರ್ಷ ವರ್ಷವೂ ಶೇ 90ಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಆರೋಪಿ ಪರಿಚಿತನೇ: ನೆಂಟ, ನೆರೆಯವ, ಸ್ನೇಹಿತ, ಕೆಲಸ ಕೊಟ್ಟವನು. ಹೇಳಿಕೊಂಡರೆ ಮನೆಯೇ ಒಡೆಯುತ್ತದೆ ಎಂಬ ಭಯದಲ್ಲಿ ನುಂಗಿಕೊಂಡವು ಈ ಲೆಕ್ಕದಲ್ಲಿಲ್ಲ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಮತ್ತು ಅದರ ಜೊತೆಯ ಎರಡು ಸಂಹಿತೆಗಳು ಜಾರಿಯಲ್ಲಿವೆ. ಗುರುತಿನ ರಕ್ಷಣೆ, ಉಚಿತ ಚಿಕಿತ್ಸೆ, ಯಾವ ಠಾಣೆಯಲ್ಲಾದರೂ ದೂರು ಕೊಡುವ ಅವಕಾಶ ಅವುಗಳಲ್ಲಿ ಮುಂದುವರಿದಿವೆ. ಗಂಡ ಹೆಂಡತಿಯ ಮೇಲೆ ಮಾಡುವ ಬಲಾತ್ಕಾರ ಅತ್ಯಾಚಾರವಲ್ಲವೆಂಬ ವಿನಾಯಿತಿಯೂ ಮುಂದುವರಿದಿದೆ. 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಮಾಡಲು ಒಪ್ಪಲಿಲ್ಲ. ಮುಂದೆ ಆ ವಿಚಾರಣೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ವಯಸ್ಕ ಗಂಡಸರ ಮೇಲಿನ ಲೈಂಗಿಕ ಹಲ್ಲೆಗೆ ಬಳಕೆಯಾಗುತ್ತಿದ್ದ ಹಳೆಯ 377ನೇ ಕಲಮು ಹೊಸ ಸಂಹಿತೆಯಲ್ಲಿ ಇಲ್ಲವೇ ಇಲ್ಲ. ಗಂಡನ ಬಲಾತ್ಕಾರಕ್ಕೊಳಗಾದ ಹೆಂಡತಿ, ಹಲ್ಲೆಗೊಳಗಾದ ಗಂಡಸು, ಈ ಇಬ್ಬರೂ ಠಾಣೆಗೆ ಹೋಗಿ ಹೇಳಿದ್ದನ್ನು ಅತ್ಯಾಚಾರದ ದೂರೆಂದು ಬರೆದುಕೊಳ್ಳಲು ಇಂದಿನ ಭಾರತದ ಕಾನೂನಿನಲ್ಲಿ ಕಲಮಿಲ್ಲ.