ಬ್ರಿಸ್ಟಲ್ ಅನಾಥಾಲಯಗಳು ಮತ್ತು ವಿಶ್ವಾಸದ ಸೇವೆ

ಯಾರ ಮುಂದೆಯೂ ಕೈಚಾಚದೆ, ಸಾಲ ಮಾಡದೆ, ಬೇಕಾದದ್ದನ್ನು ಪ್ರಾರ್ಥನೆಯಲ್ಲಿ ದೇವರಿಗಷ್ಟೇ ಹೇಳಿ, ಬಂದ ಕಾಣಿಕೆಯಿಂದಲೇ ಸೇವೆ ನಡೆಸುವ ಕ್ರೈಸ್ತ ಪದ್ಧತಿ 19ನೆಯ ಶತಮಾನದಲ್ಲಿ ಪ್ರಸಿದ್ಧವಾದದ್ದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಿಂದ. ಅದರ ಕೇಂದ್ರದಲ್ಲಿದ್ದವನು ಜಾರ್ಜ್ ಮುಲ್ಲರ್ (1805–1898).

ಪ್ರಷ್ಯದಲ್ಲಿ ಹುಟ್ಟಿದ ಈತ ಹಾಲೆಯಲ್ಲಿ ಓದಿದ. ಆಗಸ್ಟ್ ಹರ್ಮನ್ ಫ್ರಾಂಕೆ ದೇವರನ್ನೇ ನೆಚ್ಚಿ ಕಟ್ಟಿದ ದೊಡ್ಡ ಅನಾಥಾಲಯ ಇದ್ದದ್ದು ಅದೇ ಊರಿನಲ್ಲಿ. ಮುಂದೆ ಇಂಗ್ಲೆಂಡಿನ ಟೀನ್‌ಮತ್‌ನಲ್ಲಿ ಸಭಾಪಾಲಕನಾದಾಗ ಸಂಬಳ ಬರುತ್ತಿದ್ದುದು ಆರಾಧನಾಲಯದ ಆಸನಗಳ ಬಾಡಿಗೆಯಿಂದ. ಹಣವಂತನಿಗೆ ಒಳ್ಳೆಯ ಜಾಗ, ಬಡವನಿಗೆ ಮೂಲೆ. ಇದು ಸುವಾರ್ತೆಗೆ ಒಪ್ಪುವುದಲ್ಲವೆಂದು 1830ರಲ್ಲಿ ಆ ಸಂಬಳವನ್ನೇ ಬಿಟ್ಟ. ಇಷ್ಟವಿದ್ದವರು ಹಾಕಲೆಂದು ಒಂದು ಕಾಣಿಕೆ ಪೆಟ್ಟಿಗೆ ಇಡಿಸಿದ.

ಬ್ರಿಸ್ಟಲ್‌ಗೆ ಬಂದ ಮೇಲೆ, 1835ರ ಕೊನೆಯಲ್ಲಿ ಅನಾಥಾಲಯದ ಯೋಚನೆ ಹೊರಬಿದ್ದಾಗ ಮೊದಮೊದಲು ಕೊಟ್ಟವರಲ್ಲಿ ಹೊಲಿಗೆಯಿಂದ ಹೊಟ್ಟೆ ಹೊರೆಯುತ್ತಿದ್ದ ಒಬ್ಬ ಹೆಂಗಸಿದ್ದಳು. ಮೈಯಲ್ಲಿ ಕಸುವಿಲ್ಲ, ವಾರದ ದುಡಿಮೆ ಕೆಲವೇ ಶಿಲಿಂಗು. ಅಜ್ಜಿ ಬಿಟ್ಟುಹೋಗಿದ್ದ ಸುಮಾರು 480 ಪೌಂಡು ತಂದೆ ತೀರಿಕೊಂಡ ಮೇಲೆ ಅವಳ ಕೈಸೇರಿತ್ತು. ಅದರಲ್ಲಿ ತಂದೆಯ ಸಾಲ ತೀರಿಸಿ, ತಾಯಿಗೆ 100 ಪೌಂಡು ಕೊಟ್ಟು, ಇನ್ನೊಂದು 100 ಪೌಂಡನ್ನು ಅನಾಥರಿಗೆಂದು ತಂದಳು. ಆವೇಶದಲ್ಲಿ ಕೊಡುತ್ತಿರಬಹುದು, ನಾಳೆ ಪಶ್ಚಾತ್ತಾಪ ಪಡಬಾರದು ಎಂದು ಮುಲ್ಲರ್ ಅವಳನ್ನು ಕರೆಸಿ ಕೇಳಿದ. ಅವಳು ಕದಲಲಿಲ್ಲ. ಅಷ್ಟೇ ಅಲ್ಲ, ಸಭೆಯ ಬಡವರಿಗೆಂದು ಮತ್ತೆ 5 ಪೌಂಡು ಕೊಟ್ಟಳು. ಈ ಇತಿಹಾಸದಲ್ಲಿ ಮುಲ್ಲರನಷ್ಟೇ ಎತ್ತರದ ಸ್ಥಾನ ಅವಳಿಗೂ ಸಲ್ಲಬೇಕು.

1836ರ ಏಪ್ರಿಲ್‌ನಲ್ಲಿ ವಿಲ್ಸನ್ ಬೀದಿಯ ಬಾಡಿಗೆ ಮನೆಯಲ್ಲಿ ಕೆಲಸ ಶುರುವಾಯಿತು. 1838ರಲ್ಲಿ ಹಣ ಪೂರಾ ಬರಿದಾದಾಗ ಕೆಲಸಗಾರರೇ ತಮ್ಮ ಕೈಯಲ್ಲಿದ್ದದ್ದನ್ನು ಹಾಕಿದರು. ಕೊರತೆಯ ಸುದ್ದಿ ಮಾತ್ರ ಹೊರಗೆ ಹೋಗಲಿಲ್ಲ. ವರ್ಷವರ್ಷ ಅಚ್ಚಾಗುತ್ತಿದ್ದ ವರದಿಯೇ ಒಂದು ಬಗೆಯ ಬೇಡಿಕೆಯಲ್ಲವೇ ಎಂದು ಆಕ್ಷೇಪಿಸಿದವರಿದ್ದಾರೆ. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ, ಆದರೆ 1841ರ ಕೊನೆಗೆ ಹಣ ತೀರಾ ಮುಗ್ಗಟ್ಟಾಗಿದ್ದಾಗ ಮುಲ್ಲರ್ ವರದಿಯನ್ನೂ ವಾರ್ಷಿಕ ಸಭೆಯನ್ನೂ ಬೇಕೆಂದೇ ಮುಂದೂಡಿದ. ಈತನ ಭರವಸೆ ಕೈಕಟ್ಟಿ ಕೂರುವುದಾಗಿರಲಿಲ್ಲ. ಪೈಸೆ ಪೈಸೆಗೂ ಲೆಕ್ಕವಿತ್ತು, ಕೊಟ್ಟವರಿಗೆಲ್ಲ ರಸೀದಿ ಹೋಗುತ್ತಿತ್ತು.

ನೆರೆಯವರಿಗೆ ತೊಂದರೆಯಾಗುತ್ತಿದ್ದುದರಿಂದ 1849ರಲ್ಲಿ ಆಶ್ಲಿ ಡೌನ್ ದಿಬ್ಬಕ್ಕೆ ಹೋದರು. 1870ರ ಹೊತ್ತಿಗೆ ಅಲ್ಲಿ ಐದು ಕಟ್ಟಡಗಳೆದ್ದು 2,000ಕ್ಕೂ ಹೆಚ್ಚು ಮಕ್ಕಳಿಗೆ ಜಾಗವಾಗಿತ್ತು. ಮುಲ್ಲರನ ಕಾಲದಲ್ಲಿ ಒಟ್ಟು ಸುಮಾರು 10,000 ಅನಾಥರು ಈ ಅನಾಥಾಲಯಗಳಲ್ಲಿ ಬೆಳೆದರು. ಹಡ್ಸನ್ ಟೇಲರ್ 1865ರಲ್ಲಿ ಚೀನಾಕ್ಕಾಗಿ ಕಟ್ಟಿದ ಮಿಷನ್ ಇದೇ ದಾರಿ ಹಿಡಿಯಿತು. ಮುಲ್ಲರನೂ ಅದಕ್ಕೆ ಹಣ ಕಳಿಸುತ್ತಿದ್ದ.

ಕರ್ನಾಟಕದ ಕರಾವಳಿಗೂ ಇದರ ಒಂದು ಎಳೆ ತಾಗಿದೆ. ಮುಲ್ಲರನ ಭಾವಮೈದುನ, ದಂತವೈದ್ಯ ವೃತ್ತಿಯನ್ನು ತೊರೆದ ಆಂಟನಿ ನಾರಿಸ್ ಗ್ರೋವ್ಸ್ 1836ರಲ್ಲಿ ಜರ್ಮನ್ ಮಿಷನರಿ ಹರ್ಮನ್ ಗುಂಡರ್ಟ್‌ನನ್ನು ಭಾರತಕ್ಕೆ ಕರೆತಂದ. ಗುಂಡರ್ಟ್ 1838ರಲ್ಲಿ ಗ್ರೋವ್ಸ್‌ನ ಬಳಗ ಬಿಟ್ಟು ಮಂಗಳೂರಿನ ಬಾಸೆಲ್ ಮಿಷನ್ ಸೇರಿದ.

ತನ್ನ ಸ್ವಂತಕ್ಕೆಂದು ಬಂದ ಹಣದಲ್ಲಿ ಮುಲ್ಲರ್ 81,000 ಪೌಂಡಿಗೂ ಹೆಚ್ಚನ್ನು ದಾನ ಮಾಡಿದ್ದ. ತೀರಿಕೊಂಡಾಗ ಪುಸ್ತಕ, ಪೀಠೋಪಕರಣ ಎಲ್ಲ ಸೇರಿ ಉಳಿದಿದ್ದ ಆಸ್ತಿ 200 ಪೌಂಡಿಗಿಂತ ಕಡಿಮೆ.